ಲಿನಕ್ಸ್ ಫೋನಿಗೆ ವಯಸ್ಸಾದಾಗ

ಯಂತ್ರಾಂಶಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಇಡೀ ಸಾಧನವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಅಂಥದೊಂದು ಕರ್ನೆಲ್ ಆಗಿದ್ದು, ಆಂಡ್ರಾಯ್ಡ್ ಕೂಡ ಅದರ ಮೇಲೆಯೇ ನಿಂತಿರುವುದರಿಂದ, ಹುಬ್ಬಳ್ಳಿಯ ಯಾವುದೇ ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಕಾಣುವ ಫೋನುಗಳಲ್ಲಿ ಹೆಚ್ಚಿನವು ಒಂದರ್ಥದಲ್ಲಿ ಲಿನಕ್ಸ್ ಫೋನುಗಳೇ. ಆದರೆ ಬಳಕೆಯಲ್ಲಿ ಆ ಹೆಸರು ಸಲ್ಲುವುದು ಬೇರೊಂದು ಚಿಕ್ಕ ಕುಲಕ್ಕೆ: ಡೆಬಿಯನ್, ಆಲ್ಪೈನ್ ಮೊದಲಾದ ವಿತರಣೆಗಳನ್ನು, ಅಂದರೆ ಕರ್ನೆಲ್ಲಿನ ಜೊತೆಗೆ ನಿತ್ಯಬಳಕೆಯ ಮುಕ್ತ ತಂತ್ರಾಂಶಗಳನ್ನೆಲ್ಲ ಸೇರಿಸಿ ಸಿದ್ಧಪಡಿಸಿದ ಕಂತೆಗಳನ್ನು, ಗಣಕದಲ್ಲಿ ಓಡಿಸುವಂತೆಯೇ ಅಂಗೈಯಲ್ಲಿಯೂ ಓಡಿಸುವ ಮತ್ತು ಒಳಗೆ ಏನು ನಡೆಯಬೇಕೆಂಬುದನ್ನು ಮಾಲೀಕನೇ ನಿರ್ಧರಿಸಬಹುದಾದ ಫೋನುಗಳಿಗೆ. ನೋಕಿಯಾ 2009ರಲ್ಲಿ ತಂದ ಎನ್900, 2019ರ ಕೊನೆಯ ತಿಂಗಳುಗಳಿಂದ ಕಂತುಕಂತಾಗಿ ಗ್ರಾಹಕರ ಕೈ ಸೇರಿದ ಪ್ಯೂರಿಸಂ ಕಂಪನಿಯ ಲಿಬ್ರೆಮ್ 5, 2020ರ ಆರಂಭದಲ್ಲಿ ಹೊರಬಂದ ಪೈನ್64 ಸಂಸ್ಥೆಯ ಪೈನ್‌ಫೋನ್ ಈ ಕುಲದ ಪರಿಚಿತ ಹೆಸರುಗಳು. ಇವೆಲ್ಲಕ್ಕೂ ಈಗ ವಯಸ್ಸಾಗಿದೆ.

1947ರಲ್ಲಿ ಆರಂಭವಾಗಿ 2015ರಲ್ಲಿ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದ ಬಿವಿಬಿ ಎಂಜಿನಿಯರಿಂಗ್ ಕಾಲೇಜನ್ನೂ ಪಿ.ಸಿ. ಜಾಬಿನ್ ವಿಜ್ಞಾನ ಕಾಲೇಜನ್ನೂ ಮಡಿಲಲ್ಲಿಟ್ಟುಕೊಂಡ ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಯಲ್ಲಿ ಇಂಥ ಫೋನಿನ ಬಗ್ಗೆ ಕುತೂಹಲ ಹುಟ್ಟುವುದು ಸಹಜ. ಗಣಕ ವಿಜ್ಞಾನದ ವಿದ್ಯಾರ್ಥಿಗೆ ಅದು ಜೇಬಿನಲ್ಲಿಟ್ಟುಕೊಳ್ಳಬಹುದಾದ ಪ್ರಯೋಗಶಾಲೆ. ಆದರೆ ಹಳೆಯದರ ಜಾಗಕ್ಕೆ ಯಾವುದನ್ನು ತರಬೇಕೆಂದು ಯುರೋಪು, ಅಮೆರಿಕಗಳಲ್ಲಿ ಕೊಡಲಾಗುವ ಸಲಹೆ ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಇಲ್ಲಿ ಫೋನು ಜಿಯೊ ಸಿಮ್ಮಿನಲ್ಲಿ ಕರೆ ಸ್ವೀಕರಿಸಬೇಕು, ಸಂಜೆ ಗಿರ್ಮಿಟ್-ಮಿರ್ಚಿಯ ಗಾಡಿಯ ಮೇಲಿನ ಕ್ಯೂಆರ್ ಹಲಗೆಗೆ ಉತ್ತರ ಕೊಡಬೇಕು, ಮನೆಯವರಿಗೆ ಕನ್ನಡದಲ್ಲಿ ಸಂದೇಶ ಕಳಿಸಬೇಕು ಮತ್ತು ಕೆಟ್ಟರೆ ಪೇಟೆಯಲ್ಲಿಯೇ ರಿಪೇರಿಯಾಗಬೇಕು. ಈ ನಾಲ್ಕನ್ನೂ ಒಂದೇ ಲಿನಕ್ಸ್ ಫೋನು ಪೂರೈಸುತ್ತದೆಂದು ನಂಬಿ ಹಣ ಹೂಡುವುದು ಇವತ್ತಿನ ಸ್ಥಿತಿಯಲ್ಲಿ ಅವಿವೇಕ.

ಹೊಸದನ್ನು ಹುಡುಕುವ ಮೊದಲು ಹಳೆಯದು ನಿಜಕ್ಕೂ ಮುಗಿದಿದೆಯೇ ಎಂದು ನೋಡಬೇಕು. ಸಾಮಾನ್ಯ ಫೋನು ಹಳತಾಗುವುದು ತಯಾರಕನು ತಂತ್ರಾಂಶ ಪರಿಷ್ಕರಣೆ ನಿಲ್ಲಿಸಿದಾಗ. ಲಿನಕ್ಸ್ ಫೋನಿನಲ್ಲಿ ಪರಿಷ್ಕರಣೆಯ ಹೊಣೆ ಸ್ವಯಂಸೇವಕ ಸಮುದಾಯದ್ದಾದ್ದರಿಂದ ಅದು ವರ್ಷಗಟ್ಟಲೆ ಮುಂದುವರಿಯುತ್ತದೆ, ಮುಪ್ಪು ಬರುವುದು ಬೇರೆ ಕಡೆಯಿಂದ. ಮೊದಲು ಸೋಲುವುದು ಬ್ಯಾಟರಿ, ಮತ್ತು ಇದು ಎಲ್ಲಕ್ಕಿಂತ ಅಗ್ಗವಾಗಿ ಬಗೆಹರಿಯುವ ತೊಂದರೆ. ಪೈನ್‌ಫೋನಿನ ಹಿಂಬದಿಯ ಮುಚ್ಚಳವನ್ನು ಉಗುರಿನಿಂದಲೇ ತೆಗೆಯಬಹುದಾಗಿದ್ದು, ಒಳಗಿರುವುದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಜೆ7ರ 2015ರ ಮಾದರಿಯ ಬ್ಯಾಟರಿಗೆ ಹೊಂದುವ ಆಕಾರದ್ದು. ಎನ್900ಕ್ಕೆ ಬೇಕಾದ ಬಿಎಲ್-5ಜೆ ಬ್ಯಾಟರಿಯನ್ನೇ ನೋಕಿಯಾ ಮುಂದೆ ಲೂಮಿಯಾ 520ಕ್ಕೂ ಬಳಸಿತು. ಜೆ7, ಲೂಮಿಯಾ 520 ಎರಡೂ ಭಾರತದಲ್ಲಿ ಧಾರಾಳವಾಗಿ ಮಾರಾಟವಾದ ಫೋನುಗಳಾದ್ದರಿಂದ, ಅಂಗಡಿಯವನಿಗೆ ಪೈನ್‌ಫೋನ್ ಎಂಬ ಹೆಸರು ಗೊತ್ತಿಲ್ಲದಿದ್ದರೂ ‘ಜೆ7 ಬ್ಯಾಟರಿ’ ಎಂದರೆ ಸಾಕು. ವರ್ಷಗಳಿಂದ ಪೆಟ್ಟಿಗೆಯಲ್ಲೇ ಕುಳಿತು ಸತ್ವ ಕಳೆದುಕೊಂಡ ಸರಕನ್ನೂ ನಕಲಿ ಸರಕನ್ನೂ ಗಮನಿಸಿ ಬಿಡಬೇಕಷ್ಟೆ. ಬ್ಯಾಟರಿ ಉಬ್ಬಿ ಮುಚ್ಚಳವನ್ನು ಮೇಲೆತ್ತಿದ್ದರೆ ಆ ಕ್ಷಣದಿಂದಲೇ ಬಳಕೆ ನಿಲ್ಲಿಸಬೇಕು.

ಎರಡನೆಯ ಮುಪ್ಪು ಜಾಲದ್ದು. ಎನ್900 ತಲೆಮಾರಿನ ಫೋನಿಗೆ ತಿಳಿದಿರುವುದು 2ಜಿ ಮತ್ತು 3ಜಿ ಮಾತ್ರ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೊ 2ಜಿ, 3ಜಿಗಳನ್ನು ಇಟ್ಟುಕೊಳ್ಳಲೇ ಇಲ್ಲ, ಏರ್‌ಟೆಲ್ 2020ರ ಹೊತ್ತಿಗೆ ತನ್ನ 3ಜಿಯನ್ನು ಮುಚ್ಚಿತು. ಹಾಗಾಗಿ ಮೇಮೊ ಲೆಸ್ಟೆ ಎಂಬ ಸ್ವಯಂಸೇವಕ ಯೋಜನೆ ಎನ್900ಕ್ಕೆ ಈಗಲೂ ಹೊಸ ತಂತ್ರಾಂಶ ಕಟ್ಟಿಕೊಡುತ್ತಿದ್ದರೂ ಆ ತಂತ್ರಾಂಶವನ್ನು ಹೊರಜಗತ್ತಿಗೆ ಜೋಡಿಸುವ ದಾರಿ ಕಿರಿದಾಗಿದೆ. ಮೂರನೆಯದು ಜಾಲತಾಣಗಳ ಭಾರ: ಎನ್900ದಲ್ಲಿದ್ದ 256 ಎಂಬಿ ರ‍್ಯಾಮ್ ಇಂದಿನ ಒಂದು ಸುದ್ದಿತಾಣದ ಪುಟವನ್ನೂ ಹೊರಲಾರದು, ಪೈನ್‌ಫೋನಿನ 2 ಅಥವಾ 3 ಜಿಬಿ ರ‍್ಯಾಮ್ ಮತ್ತು ಆಲ್‌ವಿನ್ನರ್ ಎ64 ಸಂಸ್ಕಾರಕ ಹುಟ್ಟಿದ ದಿನವೇ ನಿಧಾನವಾಗಿದ್ದವು. ಬ್ಯಾಟರಿಯಿಂದ ಬಗೆಹರಿಯದ ಈ ಎರಡು ಕಾರಣಗಳಿದ್ದರೆ ಮಾತ್ರ ಬದಲಿಯ ಪ್ರಶ್ನೆ ಏಳುತ್ತದೆ.

ಕನ್ನಡನಾಡಿಗೆ ಅಂಗೈಯಗಲದ ಲಿನಕ್ಸ್ ಸಾಧನ ಪೂರ್ತಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ಓಡುವ ಅಂಗೈಗಣಕವೇ ಆಗಿತ್ತು. ಅದು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಅದರ ಯಂತ್ರಾಂಶದ ವಿನ್ಯಾಸವನ್ನೂ ಸಾರ್ವಜನಿಕ ಪರವಾನಗಿಯೊಂದರ ಅಡಿಯಲ್ಲಿ ಹಂಚಲಾಗಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 2004ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರ್ ಸಾಧನವನ್ನು ಅಲುಗಿಸುವುದನ್ನೇ ಆಜ್ಞೆಯಾಗಿ ಗ್ರಹಿಸಬಲ್ಲ ಸಂವೇದಕವನ್ನು ಹೊಂದಿದ್ದು, ಆ ಕಾಲಕ್ಕೆ ಬಹಳ ಮುಂದಿತ್ತು. ಮಾರಾಟ ಮಾತ್ರ ನಿರೀಕ್ಷೆಯ ಹತ್ತಿರವೂ ಸುಳಿಯಲಿಲ್ಲ. ಮುಂದಿನ ದಶಕದಲ್ಲಿ ಭಾರತದ ಪೇಟೆಗೆ ಆಂಡ್ರಾಯ್ಡ್ ಅಲ್ಲದ ಲಿನಕ್ಸ್ ಫೋನುಗಳ ಒಂದು ಸಾಲೇ ಬಂದುಹೋಯಿತು: 2014ರಲ್ಲಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್ ಹೊತ್ತ ಇಂಟೆಕ್ಸ್ ಕ್ಲೌಡ್ ಎಫ್ಎಕ್ಸ್, ಅದೇ ವರ್ಷ 16,499 ರೂಪಾಯಿಗೆ ಫಿನ್ಲೆಂಡಿನ ಯೊಲ್ಲಾ, 2015ರಲ್ಲಿ 5,700 ರೂಪಾಯಿಗೆ ಟೈಜೆನ್ ಇರುವ ಸ್ಯಾಮ್‌ಸಂಗ್ ಝಡ್1, 2016ರಲ್ಲಿ 5,499 ರೂಪಾಯಿಗೆ ಸೇಲ್‌ಫಿಶ್ ಇರುವ ಇಂಟೆಕ್ಸ್ ಆಕ್ವಾ ಫಿಶ್. ಬೆಲೆಯ ದೃಷ್ಟಿಯಿಂದ ಇವುಗಳಲ್ಲಿ ಹೆಚ್ಚಿನವು ಸಾಮಾನ್ಯರ ಕೈಗೆಟಕುವಂತಿದ್ದವು, ಆದರೂ ಯಾವುದೂ ಇಲ್ಲಿ ಬೇರು ಬಿಡಲಿಲ್ಲ. ಕಂಪನಿ ಕೈಬಿಟ್ಟ ದಿನ ಅವುಗಳ ಬಹುಪಾಲು ಬೆಳವಣಿಗೆ ನಿಂತುಹೋಯಿತು, ಏಕೆಂದರೆ ಕಂಪನಿಯ ಹೊರಗಿನವರು ಮುಂದುವರಿಸಬಹುದಾದ ರೂಪದಲ್ಲಿ ಅವುಗಳ ಚಾಲಕ ತಂತ್ರಾಂಶ ಇರಲೇ ಇಲ್ಲ.

ಆಯ್ಕೆಯ ಕೀಲು ಇರುವುದು ಇಲ್ಲಿಯೇ, ಆದ್ದರಿಂದ ಇದನ್ನು ತುಸು ವಿವರವಾಗಿ ನೋಡಬೇಕು. ಪರದೆ, ಸ್ಪರ್ಶಫಲಕ, ಕ್ಯಾಮೆರಾ, ಮೋಡೆಮ್ ಇವೆಲ್ಲದರ ಜೊತೆ ಕರ್ನೆಲ್ ವ್ಯವಹರಿಸಬೇಕಾದರೆ ಪ್ರತಿಯೊಂದಕ್ಕೂ ಡ್ರೈವರ್ ಎಂಬ ಚಾಲಕ ತಂತ್ರಾಂಶ ಬೇಕು. ಚಿಪ್ ತಯಾರಿಸುವ ಕಂಪನಿ ಲಿನಕ್ಸ್ ಕರ್ನೆಲ್ಲಿನ ಯಾವುದೋ ಒಂದು ಆವೃತ್ತಿಯನ್ನು ಆರಿಸಿ, ತನ್ನ ಡ್ರೈವರುಗಳನ್ನು ಅದರಲ್ಲಿ ತುರುಕಿ ಫೋನು ತಯಾರಕರಿಗೆ ಕೊಡುತ್ತದೆ. ಫೋನು ಆ ಆವೃತ್ತಿಗೆ ಕಟ್ಟುಬಿದ್ದಿರುತ್ತದೆ. ಇದಕ್ಕೆ ಎದುರಾಗಿ, ಟೋರ್ವಾಲ್ಡ್ಸ್ ಮತ್ತು ಸಂಗಡಿಗರು ನಿರ್ವಹಿಸುವ, ಎರಡು-ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಕಾಣುವ ಮೂಲ ಕರ್ನೆಲ್ಲಿಗೆ ಮೇನ್‌ಲೈನ್ ಎನ್ನುತ್ತಾರೆ. ಫೋನೊಂದರ ಡ್ರೈವರುಗಳು ಪರಿಶೀಲನೆಗೆ ಒಳಗಾಗಿ ಮೇನ್‌ಲೈನಿನೊಳಗೆ ಸೇರಿದರೆ, ಮುಂದಿನ ಪ್ರತಿ ಆವೃತ್ತಿಯ ಜೊತೆಗೂ ಅವು ತಾವಾಗಿಯೇ ಸಾಗುತ್ತವೆ, ತಯಾರಕ ಮುಳುಗಿದರೂ ಫೋನು ಮುಳುಗುವುದಿಲ್ಲ. ಊರಿನ ಕೆರೆಗೂ ಒಬ್ಬರ ಹಿತ್ತಲಿನ ಬಾವಿಗೂ ಇರುವ ವ್ಯತ್ಯಾಸದಂತೆ ಇದು: ಬಾವಿಯ ಒಡೆಯ ಬಾಗಿಲು ಹಾಕಿದರೆ ನೀರು ನಿಂತಿತು, ಕೆರೆಯನ್ನು ಯಾರಾದರೂ ಹೂಳೆತ್ತುತ್ತಲೇ ಇರುತ್ತಾರೆ. ಎನ್900 ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು 2.6.28 ಕರ್ನೆಲ್, ಅದರ ಯಂತ್ರಾಂಶಕ್ಕೆ ಮೇನ್‌ಲೈನಿನಲ್ಲಿ ಜಾಗ ಸಿಕ್ಕಿದ್ದರಿಂದಲೇ ನೋಕಿಯಾ ಫೋನು ವ್ಯವಹಾರ ಬಿಟ್ಟ ಬಹುಕಾಲದ ನಂತರವೂ ಅದು ಜೀವ ಹಿಡಿದುಕೊಂಡಿದೆ.

ಇದೇ ಕಾರಣಕ್ಕೆ ಬದಲಿ ಫೋನನ್ನು ಆರಿಸುವಾಗ ಸಂಸ್ಕಾರಕದ ವೇಗ, ಕ್ಯಾಮೆರಾದ ಮೆಗಾಪಿಕ್ಸೆಲ್, ಜಾಹೀರಾತಿನ ಜಿಬಿಗಳ ಲೆಕ್ಕ ಎಲ್ಲವೂ ಎರಡನೆಯ ಸಾಲಿಗೆ ಸರಿಯಬೇಕು. ಮೊದಲು ಕೇಳಬೇಕಾದದ್ದು ಅದು ಮೇನ್‌ಲೈನ್ ಕರ್ನೆಲ್ಲಿನಲ್ಲಿ ಎಷ್ಟರಮಟ್ಟಿಗೆ ಓಡುತ್ತದೆ ಎಂಬುದನ್ನು. ಹೇಲಿಯಂ ಎಂಬ ಇನ್ನೊಂದು ಹಾದಿಯೂ ಇದೆ: ಅದರಲ್ಲಿ ಆಂಡ್ರಾಯ್ಡಿನ ಹಳೆಯ ಕರ್ನೆಲ್ಲನ್ನೂ ಡ್ರೈವರುಗಳನ್ನೂ ಹಾಗೆಯೇ ಉಳಿಸಿಕೊಂಡು ಮೇಲೆ ಮಾತ್ರ ಉಬುಂಟು ಟಚ್‌ನಂಥ ಲಿನಕ್ಸ್ ಪರಿಸರವನ್ನು ಕೂರಿಸಲಾಗುತ್ತದೆ. ಕ್ಯಾನೊನಿಕಲ್ ಕಂಪನಿ 2017ರಲ್ಲಿ ಕೈಬಿಟ್ಟ ಉಬುಂಟು ಟಚ್ಚನ್ನು ಯುಬಿಪೋರ್ಟ್ಸ್ ಸಮುದಾಯ ಮುಂದುವರಿಸಿದೆ. ಈ ಹಾದಿಯಲ್ಲಿ ಕ್ಯಾಮೆರಾ, ಧ್ವನಿ, ಜಿಪಿಎಸ್ ಎಲ್ಲವೂ ಬೇಗ ಕೆಲಸ ಮಾಡುತ್ತವೆ, ಆದ್ದರಿಂದ ಇವತ್ತಿನ ಅನುಕೂಲಕ್ಕೆ ಇದೇ ಮೇಲು. ನಾಳೆಯ ಮಾತು ಬೇರೆ: ಸ್ನ್ಯಾಪ್‌ಡ್ರಾಗನ್ 845 ಸಂಸ್ಕಾರಕದ ಫೋನುಗಳು ಆಂಡ್ರಾಯ್ಡಿನೊಡನೆ ಹೊತ್ತುತಂದ 4.9 ಕರ್ನೆಲ್ 2016ರ ಡಿಸೆಂಬರಿನದು, ಅದರ ನಿರ್ವಹಣೆಯನ್ನು ಮೂಲದವರೇ 2023ರ ಜನವರಿಯಲ್ಲಿ ಮುಗಿಸಿದರು.

ವಿದೇಶದಲ್ಲಿ ಲಿನಕ್ಸಿಗೆಂದೇ ತಯಾರಾದ ಅಥವಾ ಲಿನಕ್ಸಿಗೆ ಒಗ್ಗುವ ಹೊಸ ಫೋನುಗಳ ಕಡೆ ನೋಡಿದರೆ ಆಯ್ಕೆ ಬೇಗ ಬರಿದಾಗುತ್ತದೆ. ಪೈನ್‌ಫೋನ್ ಪ್ರೊ 2021ರಲ್ಲಿ ಆಸೆ ಹುಟ್ಟಿಸಿತು, ಅದರ ತಯಾರಿಕೆ ನಿಲ್ಲಿಸಿರುವುದಾಗಿ ಪೈನ್64 ಸಂಸ್ಥೆ 2025ರಲ್ಲಿ ಹೇಳಿತು. ಲಿಬ್ರೆಮ್ 5 ಮೋಡೆಮ್, ವೈ-ಫೈ, ಕ್ಯಾಮೆರಾಗಳನ್ನು ಹೊರಗಿನ ಗುಂಡಿಗಳಿಂದಲೇ ವಿದ್ಯುತ್ ಕಡಿದು ನಿಲ್ಲಿಸಬಲ್ಲ ಗಟ್ಟಿ ವಿನ್ಯಾಸದ್ದಾದರೂ ಬೆಲೆ ನೂರಾರು ಡಾಲರ್, ಸಂಸ್ಕಾರಕ ಹಳೆಯದು. ಫೇರ್‌ಫೋನ್ ಬಿಡಿಭಾಗಗಳ ವಿಷಯದಲ್ಲಿ ಮಾದರಿಯೇ ಸರಿ, ಆದರೆ ಭಾರತದಲ್ಲಿ ಮಾರಾಟಕ್ಕಿಲ್ಲ. ಇವುಗಳಲ್ಲಿ ಯಾವುದನ್ನು ತರಿಸಿದರೂ ಸುಂಕ, ಸಾಗಣೆ ಸೇರಿ ಬೆಲೆ ಏರುತ್ತದೆ, ಪರದೆ ಒಡೆದರೆ ಕೊಪ್ಪಿಕರ ರಸ್ತೆಯ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ.

ಹೀಗಾಗಿ ವಿದ್ಯಾನಗರದ ಮಾಲೀಕನಿಗೆ ಒಪ್ಪುವ ಉತ್ತರ ವಿಚಿತ್ರವೆನಿಸಿದರೂ ಹತ್ತಿರದಲ್ಲಿಯೇ ಇದೆ: ಭಾರತದಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಿ ಈಗ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಸಿಗುವ 2018ರ ಆಂಡ್ರಾಯ್ಡ್ ಫೋನು. ಆ ವರ್ಷದ ಮೇ ತಿಂಗಳಲ್ಲಿ ಬಂದ ಒನ್‌ಪ್ಲಸ್ 6 ಮತ್ತು ಆಗಸ್ಟಿನಲ್ಲಿ 20,999 ರೂಪಾಯಿಯ ಆರಂಭಿಕ ಬೆಲೆಗೆ ಬಂದ ಪೊಕೊ ಎಫ್1 ಎರಡರಲ್ಲೂ ಇರುವುದು ಮೇಲೆ ಹೇಳಿದ ಸ್ನ್ಯಾಪ್‌ಡ್ರಾಗನ್ 845. ಎರಡರಲ್ಲೂ ಕನಿಷ್ಠ 6 ಜಿಬಿ ರ‍್ಯಾಮ್ ಇದೆ. ಈ ಸಂಸ್ಕಾರಕಕ್ಕೆ ಮೇನ್‌ಲೈನ್ ಕರ್ನೆಲ್ಲಿನಲ್ಲಿ ದೊರೆತ ಬೆಂಬಲ ಫೋನುಗಳ ಲೋಕದಲ್ಲಿ ಅಪರೂಪದ್ದಾಗಿದ್ದು, ಫೋನು ಹತ್ತು ವರ್ಷ ಬಾಳಬೇಕೆಂಬ ಗುರಿಯಿಟ್ಟು 2017ರಲ್ಲಿ ಆರಂಭವಾದ ಪೋಸ್ಟ್‌ಮಾರ್ಕೆಟ್ಓಎಸ್ ಎಂಬ ಆಲ್ಪೈನ್ ಆಧಾರಿತ ವಿತರಣೆಯೂ ಡೆಬಿಯನ್ ಆಧಾರಿತ ಮೋಬಿಯನ್ ವಿತರಣೆಯೂ ಈ ಫೋನುಗಳ ಮೇಲೆ ಓಡುತ್ತವೆ. ಪೈನ್‌ಫೋನಿನಿಂದ ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ವೇಗ. ಕಳೆದುಕೊಳ್ಳುವುದೂ ಇದೆ: ಪೈನ್‌ಫೋನಿನ ಮುಚ್ಚಳದಡಿ ಸಾಲಾಗಿ ಕುಳಿತ, ಮೋಡೆಮ್‌ನಿಂದ ಮೈಕ್ರೊಫೋನಿನವರೆಗೆ ಒಂದೊಂದನ್ನೂ ಆರಿಸಬಲ್ಲ ಆರು ಪುಟ್ಟ ಸ್ವಿಚ್ಚುಗಳು ಇಲ್ಲಿಲ್ಲ, ಎಸ್‌ಡಿ ಕಾರ್ಡಿನಿಂದಲೇ ಬೇರೆ ವಿತರಣೆಯೊಂದನ್ನು ಹಾಕಿ ನೋಡಿ ತೆಗೆದುಬಿಡುವ ಸಲೀಸು ಇಲ್ಲ, ಬ್ಯಾಟರಿ ಅಂಟಿಸಿದ್ದು. ಕ್ಯಾಮೆರಾದ ಕೆಲಸ ಮೇನ್‌ಲೈನಿನಲ್ಲಿ ಇನ್ನೂ ಹಿಂದುಳಿದಿದೆ.

ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಸಾಮಾನ್ಯ ಸೆಕೆಂಡ್‌ಹ್ಯಾಂಡ್ ಗಿರಾಕಿ ನೋಡುವವುಗಳಿಗಿಂತ ಭಿನ್ನ. ಪೊಕೊ ಎಫ್1ರ ಪರದೆಯನ್ನು ಟಿಯಾನ್ಮಾ ಮತ್ತು ಇಬಿಬಿಜಿ ಎಂಬ ಎರಡು ಕಂಪನಿಗಳು ಪೂರೈಸಿದ್ದು, ಹೊರನೋಟಕ್ಕೆ ಎರಡೂ ಒಂದೇ. ಆದರೆ ಮೇನ್‌ಲೈನ್ ಕರ್ನೆಲ್ಲಿಗೆ ಯಾವ ಪರದೆಯೆಂದು ಮೊದಲೇ ತಿಳಿದಿರಬೇಕಾಗಿದ್ದು, ಪೋಸ್ಟ್‌ಮಾರ್ಕೆಟ್ಓಎಸ್ ಎರಡಕ್ಕೂ ಬೇರೆಬೇರೆ ಕಡತ ಕೊಡುತ್ತದೆ, ತಪ್ಪಿದ್ದನ್ನು ಹಾಕಿದರೆ ಫೋನು ಒಳಗೆ ಎಚ್ಚರವಾಗಿದ್ದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ರಿಪೇರಿಯಲ್ಲಿ ಪರದೆ ಬದಲಾಗಿದ್ದರೆ ಅದು ಈ ಎರಡರಲ್ಲಿ ಯಾವುದೂ ಆಗಿರದೆ ಇರಬಹುದು, ಆದ್ದರಿಂದ ‘ಡಿಸ್‌ಪ್ಲೇ ಚೇಂಜ್ ಆಗ್ಯದೇನು?’ ಎಂಬ ಮಾತನ್ನು ಅಂಗಡಿಯಲ್ಲಿ ಕೇಳಲೇಬೇಕು. ಎರಡನೆಯದು ಬೂಟ್‌ಲೋಡರ್, ಅಂದರೆ ಫೋನು ಆನ್ ಆದೊಡನೆ ಯಾವ ಕರ್ನೆಲ್ಲನ್ನು ಎಬ್ಬಿಸಬೇಕೆಂದು ತೀರ್ಮಾನಿಸುವ ಕಾವಲುಗಾರ ತಂತ್ರಾಂಶ. ಒನ್‌ಪ್ಲಸ್ 6ರಲ್ಲಿ ಅದನ್ನು ಯಾರ ಅನುಮತಿಯೂ ಇಲ್ಲದೆ ಒಂದು ಆಜ್ಞೆಯಿಂದ ತೆರೆಯಬಹುದು. ಪೊಕೊ ಫೋನಿನಲ್ಲಿ ಅದರ ತಯಾರಕ ಶಿಯೊಮಿಯ ಖಾತೆಯನ್ನು ಜೋಡಿಸಿ, ಕಂಪನಿ ವಿಧಿಸುವ ಅವಧಿ ಮುಗಿಯುವವರೆಗೆ ಕಾಯಬೇಕು. ಹಿಂದಿನ ಮಾಲೀಕನು ತನ್ನ ಖಾತೆಯಿಂದ ಹೊರಬಂದಿರದಿದ್ದರೆ ಎಷ್ಟೇ ಅಗ್ಗವಾದರೂ ಆ ಫೋನು ಬೇಡ.

ಇನ್ನು ಕರೆ. ಜಿಯೊ ಜಾಲದಲ್ಲಿ ಮಾತು ಕೂಡ 4ಜಿ ದತ್ತಾಂಶದ ತುಣುಕುಗಳಾಗಿಯೇ ಸಾಗಬೇಕಾಗಿದ್ದು, ಈ ವಿಧಾನಕ್ಕೆ ವೋಲ್ಟಿ ಎಂದು ಹೆಸರು. ಪೈನ್‌ಫೋನಿನಲ್ಲಿರುವ ಕ್ವೆಕ್ಟೆಲ್ ಇಜಿ25-ಜಿ ಮೋಡೆಮ್ ತನ್ನೊಳಗೇ ಒಂದು ಪುಟ್ಟ ಲಿನಕ್ಸನ್ನು ಓಡಿಸುವ ಸ್ವತಂತ್ರ ಗಣಕವಾಗಿದ್ದು, ಭಾರತದ 4ಜಿ ತರಂಗಪಟ್ಟಿಗಳನ್ನು ಬಲ್ಲದು, ಜಾಲಕ್ಕೆ ಸರಿಹೊಂದುವ ಸಂರಚನೆಯನ್ನು ಆರಿಸಿಕೊಟ್ಟರೆ ವೋಲ್ಟಿಯನ್ನೂ ತಾನೇ ನಿಭಾಯಿಸುತ್ತದೆ. ಸ್ನ್ಯಾಪ್‌ಡ್ರಾಗನ್ ಫೋನುಗಳಲ್ಲಿ ಹಾಗಿಲ್ಲ: ವೋಲ್ಟಿಯ ಸಂಧಾನದ ಒಂದು ಪಾಲನ್ನು ಆಂಡ್ರಾಯ್ಡಿನ ಮುಚ್ಚಿದ ತಂತ್ರಾಂಶಕ್ಕೆ ಬಿಡಲಾಗಿದ್ದು, ಮುಕ್ತ ವಿತರಣೆಗಳು ಅದನ್ನು ಹೊಸದಾಗಿ ಬರೆಯಬೇಕಾಗಿ ಬಂದಿದೆ, ಆ ಕೆಲಸ ಇನ್ನೂ ನೆಚ್ಚುವ ಹಂತ ಮುಟ್ಟಿಲ್ಲ. ಏರ್‌ಟೆಲ್ ಸಿಮ್ ಆಗಿದ್ದರೆ ಕರೆ ಬಂದಾಗ ಫೋನು 2ಜಿಗೆ ಇಳಿದು ಮಾತನಾಡಬಹುದು. ಜಿಯೊ ಸಿಮ್ಮಿಗೆ ಇಳಿಯಲು ಮೆಟ್ಟಿಲೇ ಇಲ್ಲ. ವೇಗದಲ್ಲಿ ಹಿಂದೆ ಬಿದ್ದ ಪೈನ್‌ಫೋನು ಕರೆಯ ವಿಷಯದಲ್ಲಿ ಮಾತ್ರ ತನ್ನ ಉತ್ತರಾಧಿಕಾರಿಗಿಂತ ಮುಂದಿದೆ ಎಂಬುದು ಈ ಲೋಕದ ವಿಪರ್ಯಾಸಗಳಲ್ಲೊಂದು.

ಹಣ ಪಾವತಿಯ ತೊಡಕು ತಾಂತ್ರಿಕ ಜಾಣ್ಮೆಯಿಂದ ಬಿಡಿಸಲಾಗದ್ದು. ಯುಪಿಐ ಆ್ಯಪ್ ಮೊದಲ ಬಾರಿ ತೆರೆದಾಗ ಫೋನಿನಲ್ಲಿರುವ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ, ಖಾತೆಯೊಂದಿಗೆ ನಮೂದಾದ ಸಂಖ್ಯೆಯೂ ಇದೂ ಒಂದೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಮೇಲಾಗಿ ಹಲವು ಬ್ಯಾಂಕ್ ಆ್ಯಪ್‌ಗಳು ಫೋನಿನ ಬೂಟ್‌ಲೋಡರ್ ಮುಚ್ಚಿದೆಯೇ, ತಂತ್ರಾಂಶ ಗೂಗಲ್ ಒಪ್ಪಿದ್ದೇ ಎಂದು ವಿಚಾರಿಸುತ್ತವೆ. ಲಿನಕ್ಸಿನೊಳಗೆ ಆಂಡ್ರಾಯ್ಡನ್ನು ಪ್ರತ್ಯೇಕ ಕೋಣೆಯಲ್ಲಿಟ್ಟಂತೆ ಓಡಿಸುವ ವೇಡ್ರಾಯ್ಡ್ ಎಂಬ ಸಾಧನ ವೇಳಾಪಟ್ಟಿ, ನಕ್ಷೆ, ಸುದ್ದಿಯ ಆ್ಯಪ್‌ಗಳನ್ನು ಚೆನ್ನಾಗಿಯೇ ತೆರೆಯುತ್ತದೆ, ಆದರೆ ಈ ಎರಡು ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗುವುದನ್ನು ನಂಬಿ ಪೇಟೆಗೆ ಹೋಗಲಾಗದು. ಕರೆಯ ಮತ್ತು ಪಾವತಿಯ ಈ ಎರಡು ಕಾರಣಗಳಿಂದ ಮುಖ್ಯ ಸಿಮ್ಮನ್ನು ಅಗ್ಗದ ಬೇರೊಂದು ಫೋನಿಗೆ ಕೊಟ್ಟು, ಲಿನಕ್ಸ್ ಫೋನಿಗೆ ಆ ಫೋನಿನ ಹಾಟ್‌ಸ್ಪಾಟನ್ನೋ ಎರಡನೆಯ ಸಿಮ್ಮಿನ ದತ್ತಾಂಶವನ್ನೋ ಉಣಿಸುವುದೇ ಸರಿ. ಆ ಬೇರೊಂದು ಫೋನು ಸ್ಮಾರ್ಟ್‌ಫೋನೇ ಆಗಬೇಕಿಲ್ಲ: 2022ರಲ್ಲಿ ರಿಸರ್ವ್ ಬ್ಯಾಂಕ್ ಜಾರಿಗೆ ತಂದ ಯುಪಿಐ 123ಪೇ ಕೀಪ್ಯಾಡ್ ಫೋನುಗಳಿಗಾಗಿಯೇ ಇದೆ, 2023ರಲ್ಲಿ 999 ರೂಪಾಯಿಗೆ ಬಂದ ಜಿಯೊ ಭಾರತ್ ಫೋನಿನಲ್ಲಿಯೂ ಯುಪಿಐ ಇದೆ. ಎರಡು ಫೋನು ಹೊರುವುದು ಸೋಲೆಂದು ಭಾವಿಸುವ ಶುದ್ಧಾಚಾರಿಗಳು ಈ ಪಂಥದಲ್ಲಿ ಕಡಿಮೆಯಿಲ್ಲ. ಅವರ ಮಡಿಗೆ ಕ್ಯೂಆರ್ ಹಲಗೆ ಹಿಡಿದು ಕುಳಿತ ವ್ಯಾಪಾರಿ ಕಾಯಬೇಕಾದ ಕಾರಣವಿಲ್ಲ.

ಕನ್ನಡದ ಪ್ರಶ್ನೆ ಎರಡು ಭಾಗದ್ದು. ಓದುವುದು ಬಹುಮಟ್ಟಿಗೆ ಬಗೆಹರಿದಿದೆ, ಏಕೆಂದರೆ ಅಕ್ಷರಗಳನ್ನು ಜೋಡಿಸಿ ಒತ್ತು, ಗುಣಿತಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವೇ ಆಂಡ್ರಾಯ್ಡಿನಲ್ಲೂ ಡೆಸ್ಕ್‌ಟಾಪ್ ಲಿನಕ್ಸಿನಲ್ಲೂ ಇದೆ. ನೋಟೊ, ಲೋಹಿತ್, ಗುಬ್ಬಿ, ನವಿಲು ಇವುಗಳಲ್ಲಿ ಒಂದು ಫಾಂಟನ್ನಾದರೂ ಅಳವಡಿಸಿಕೊಳ್ಳದಿದ್ದರೆ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಅಳವಡಿಸಿದ ಮೇಲೆ ‘ಸೂರ್ಯ’, ‘ಸ್ತ್ರೀ’, ‘ಕರ್ತೃ’ ಎಂಬ ಮೂರು ಪದಗಳು ನೆಟ್ಟಗೆ ಮೂಡಿದರೆ ಉಳಿದದ್ದೂ ಮೂಡುತ್ತದೆ. ಬರೆಯುವುದಕ್ಕೆ ತುಸು ಶ್ರಮ ಬೇಕು. ಮೊಬೈಲ್ ಪರದೆಗೆಂದು ರೂಪಿಸಿದ ಫೋಶ್ ಎಂಬ ಪರಿಸರದ ಜೊತೆ ಬಳಕೆಗೆ ಬಂದ ಸ್ಕ್ವೀಕ್‌ಬೋರ್ಡ್ ಕೀಲಿಮಣೆಯ ವಿನ್ಯಾಸವೆಲ್ಲ ಸಾದಾ ಪಠ್ಯಕಡತವೊಂದರಲ್ಲಿ ಸಾಲುಸಾಲಾಗಿ ಬರೆದಿಟ್ಟದ್ದು, ಯಾರು ಬೇಕಾದರೂ ತೆರೆದು ತಿದ್ದಬಹುದಾದದ್ದು. ಕೆ.ಪಿ. ರಾವ್ ರೂಪಿಸಿ ನುಡಿ ತಂತ್ರಾಂಶದ ಮೂಲಕ ರೂಢಿಯಾದ, ಎಫ್ ಕೀಲಿಯನ್ನು ಅರ್ಧಾಕ್ಷರಕ್ಕೆ ಮೀಸಲಿಟ್ಟ ಕನ್ನಡ ವಿನ್ಯಾಸವನ್ನು ಆ ಕಡತದಲ್ಲಿ ಮೂರು ಹಲಗೆಗಳಾಗಿ ಹಂಚಿ ಬರೆಯುವುದು ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದ ಎರಡನೆಯ ವರ್ಷದ ವಿದ್ಯಾರ್ಥಿಗೆ ಒಂದು ಭಾನುವಾರದ ಕೆಲಸ, ಮತ್ತು ಹಾಗೆ ಬರೆದದ್ದನ್ನು ಮೂಲ ಯೋಜನೆಗೆ ಕಳಿಸಿಕೊಡುವುದು ಅವನಿಗೆ ಯಾವ ಪಠ್ಯಕ್ರಮದ ಪ್ರಾಜೆಕ್ಟಿಗಿಂತಲೂ ಒಳ್ಳೆಯ ಪಾಠ.

ಹೊಸ ಫೋನಿನಿಂದ ಆಂಡ್ರಾಯ್ಡನ್ನು ಅಳಿಸುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಐಎಂಇಐ ಎಂಬ ಗುರುತುಸಂಖ್ಯೆಯನ್ನೂ ರೇಡಿಯೊ ಹೊಂದಾಣಿಕೆಯ ಅಂಕಿಗಳನ್ನೂ ಕಾರ್ಖಾನೆಯಲ್ಲಿ ಪ್ರತಿ ಫೋನಿಗೂ ಬೇರೆಬೇರೆಯಾಗಿ ಬರೆದು ಸಂಗ್ರಹದ ಕೆಲವು ಪುಟ್ಟ ವಿಭಾಗಗಳಲ್ಲಿ ಇಟ್ಟಿರುತ್ತಾರೆ; ಅವು ಅಳಿದರೆ ಅದೇ ಮಾದರಿಯ ಇನ್ನೊಂದು ಫೋನಿನಿಂದ ನಕಲು ಮಾಡಿ ತುಂಬಲಾಗದು, ಫೋನು ಜಾಲದಿಂದ ಹೊರಗೇ ಉಳಿಯುತ್ತದೆ. ಪೊಕೊ ಫೋನಿನಲ್ಲಿ ಪರ್ಸಿಸ್ಟ್ ಮತ್ತು ಮೋಡೆಮ್‌ಗೆ ಸಂಬಂಧಿಸಿದ ವಿಭಾಗಗಳ ಪ್ರತಿಯನ್ನು ಗಣಕಕ್ಕೆ ಇಳಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ಎರಡು ಫೋನು ಹೊರಲು ಒಲ್ಲದೆ ಮುಖ್ಯ ಸಿಮ್ಮನ್ನೇ ಹೊಸದಕ್ಕೆ ಹಾಕುವುದಾದರೆ, ಅದನ್ನು ಹಳೆಯ ಫೋನಿನಿಂದ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ: ಎರಡನೆಯ ಸಂಖ್ಯೆಯೊಂದನ್ನು ಹೊಸದರಲ್ಲಿ ಹಾಕಿ, ಪರದೆ ಆರಿ ಫೋನು ಗಾಢನಿದ್ದೆಗೆ ಜಾರಿದ ಅರ್ಧ ಗಂಟೆಯ ನಂತರ ಕರೆ ಮಾಡಿದರೆ ಅದು ಏಳುತ್ತದೆಯೇ, ಓಟಿಪಿ ಸಂದೇಶ ಅವಧಿ ಮೀರುವುದರೊಳಗೆ ತಲುಪುತ್ತದೆಯೇ, ಉಣಕಲ್ಲಿನಿಂದ ಧಾರವಾಡದವರೆಗೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಒಂದು ಗೋಪುರದಿಂದ ಇನ್ನೊಂದಕ್ಕೆ ಜಾರುವ ಹೊತ್ತಿನಲ್ಲಿ ಸಂಪರ್ಕ ಕಡಿದುಹೋದರೆ ತಾನಾಗಿಯೇ ಮತ್ತೆ ಜೋಡಣೆಯಾಗುತ್ತದೆಯೇ ಎಂಬುದನ್ನು ಒಂದೆರಡು ವಾರ ನೋಡಿಕೊಂಡು, ಆಮೇಲೆ ಸಿಮ್ ಬದಲಿಸುವುದು ಒಳ್ಳೆಯದು.